ಮನೆವಾರ್ತೆ: ಸೆಂಟಿನ ಬಾಟಲಿ ಶೋಕೇಸಿಗಲ್ಲ

ಉಪ್ಪಿನಕಾಯಿಯ ಜಾಡಿಗೆ ಬಟ್ಟೆ ಕಟ್ಟುತ್ತೇವೆ, ರೇಷ್ಮೆ ಸೀರೆಯ ಮಡಿಕೆ ಬದಲಿಸುತ್ತೇವೆ, ಕಾಫಿಪುಡಿಯ ಡಬ್ಬಿಯನ್ನು ಬಿಗಿಯಾಗಿ ಮುಚ್ಚುತ್ತೇವೆ. ಆದರೆ ಸಾವಿರಾರು ರೂಪಾಯಿ ಕೊಟ್ಟ ಸೆಂಟಿನ ಬಾಟಲಿಯನ್ನು ಮಾತ್ರ ಎಲ್ಲೆಂದರಲ್ಲಿ ಇಟ್ಟುಬಿಡುತ್ತೇವೆ. “ಸೆಂಟೇನು ಹಾಲೇ, ಮೊಸರೇ, ಕೆಡೋದಕ್ಕೆ?” ಅಂತ ನಗಬೇಡಿ. ಅದೂ ಕೆಡುತ್ತದೆ. ಹಾಲಿನ ಹಾಗೆ ಒಂದೇ ದಿನದಲ್ಲಲ್ಲ, ಸದ್ದಿಲ್ಲದೆ, ನಿಧಾನವಾಗಿ.

ಈ ಮಾತು ಬಂದದ್ದು ಕರಾವಳಿಯ ಸೋದರಿಯೊಬ್ಬರ ಕಾಗದದಿಂದ. ದುಬೈಯಲ್ಲಿ ದುಡಿಯುವ ಅವರ ಅಣ್ಣ ರಜೆಗೆ ಬಂದಾಗ ಒಂದು ಚೆಂದದ ಬಾಟಲಿ ಕೊಟ್ಟರಂತೆ. “ಒಳ್ಳೇ ದಿನಕ್ಕಿರಲಿ” ಎಂದು ಇವರು ಅದನ್ನು ಹಾಲ್‌ನ ಶೋಕೇಸಿನಲ್ಲಿ ಗೊಂಬೆಗಳ ಪಕ್ಕ ಆರು ವರ್ಷ ಇಟ್ಟರು. ಮಗಳ ನಿಶ್ಚಿತಾರ್ಥದ ದಿನ ತೆರೆದರೆ ಹುಳಿ ಹುಳಿ ವಾಸನೆ! “ನಿಮ್ಮಣ್ಣ ಡೂಪ್ಲಿಕೇಟ್ ಮಾಲು ತಂದಿದ್ದಾನೆ” ಎಂದು ಯಜಮಾನರು ಎಲ್ಲರೆದುರು ಅಂದುಬಿಟ್ಟರಂತೆ. ಅಣ್ಣನನ್ನು ಕೇಳುವ ಹಾಗಿಲ್ಲ, ಸುಮ್ಮನಿರಲು ಮನಸ್ಸೂ ಒಪ್ಪುತ್ತಿಲ್ಲ. “ನಿಜ ಹೇಳಿ, ಅದು ನಕಲಿಯೇ?” ಎಂಬುದು ಅವರ ಪ್ರಶ್ನೆ.

ಸೋದರಿ, ಬಾಟಲಿ ನೋಡದೆ ಅಸಲಿ, ನಕಲಿ ಹೇಳಲು ಬರುವುದಿಲ್ಲ. ಆದರೆ ಒಂದು ಮಾತು ಖಂಡಿತ. ಆರು ವರ್ಷ ಬೆಳಕಿನಲ್ಲಿ, ಬಿಸಿಯಲ್ಲಿ ಇಟ್ಟರೆ ಅಪ್ಪಟ ಅಸಲಿ ಸೆಂಟೂ ಹೀಗಾಗಬಹುದು. ಆದ್ದರಿಂದ ವಾಸನೆ ಕೆಟ್ಟಿತೆಂಬ ಒಂದೇ ಕಾರಣಕ್ಕೆ ನಿಮ್ಮಣ್ಣನನ್ನು ಅನುಮಾನಿಸಬೇಡಿ. ಈ ಪುಟವನ್ನು ಯಜಮಾನರಿಗೂ ತೋರಿಸಿ.

ಕೆಡುವುದು ಹೇಗೆ ಅಂತೀರಾ? ಸ್ಪ್ರೇ ಸೆಂಟಿನಲ್ಲಿ ಹೆಚ್ಚಿನ ಪಾಲು ಆಲ್ಕೋಹಾಲ್. ಅದರಲ್ಲಿ ಹತ್ತಾರು ಪರಿಮಳದ ಎಣ್ಣೆಗಳು ಕರಗಿರುತ್ತವೆ. ಅವಕ್ಕೆ ಮೂರು ಶತ್ರುಗಳು: ಬೆಳಕು, ಬಿಸಿ, ಗಾಳಿ. ಬಿಸಿಲು ಪರಿಮಳದ ಕಣಗಳನ್ನು ಒಡೆಯುತ್ತದೆ. ಬಿಸಿ ಆ ಕೆಲಸವನ್ನು ಚುರುಕು ಮಾಡುತ್ತದೆ. ಗಾಳಿಯಲ್ಲಿನ ಆಮ್ಲಜನಕ ಸೇರಿದರೆ, ಹಳೇ ಕೊಬ್ಬರಿ ಎಣ್ಣೆ ಕಮಟು ಹಿಡಿಯುವ ಹಾಗೆ ಇದೂ ಕಮಟಾಗುತ್ತದೆ.

ಎಲ್ಲ ಪರಿಮಳವೂ ಒಂದೇ ವೇಗದಲ್ಲಿ ಕೆಡುವುದಿಲ್ಲ. ನಿಂಬೆ, ಕಿತ್ತಳೆ ಜಾತಿಯವು ಎಲ್ಲಕ್ಕಿಂತ ಮೊದಲು ಸೋಲುತ್ತವೆ. ಜ್ವರ ಬಂದಾಗ ಕರವಸ್ತ್ರಕ್ಕೆ ಹಾಕಿ ಹಣೆಗೆ ಇಡುತ್ತಿದ್ದ ಓಡಿಕೊಲೋನ್ ನೆನಪಿದೆಯಲ್ಲ? 1709ರಲ್ಲಿ ಜರ್ಮನಿಯ ಕೊಲೋನ್ ಊರಿನಲ್ಲಿ ಫರೀನಾ ಮನೆತನ ವ್ಯಾಪಾರ ಆರಂಭಿಸಿ ಹೆಸರಾದದ್ದು ಆ ನೀರಿನಿಂದಲೇ. ಅದರ ಜೀವ ಇರುವುದು ನಿಂಬೆ, ಕಿತ್ತಳೆ ಸಿಪ್ಪೆಯ ಎಣ್ಣೆಯಲ್ಲಿ. ಹಾಗಾಗಿ ಅಂಥದ್ದನ್ನು ತಂದರೆ ಕೂಡಿಡಬೇಡಿ, ಬಳಸಿ ಮುಗಿಸಿ. ಗಂಧ, ಲಾವಂಚ, ಪಚ್ಚೆತೆನೆಯಂಥ ಭಾರದ ಪರಿಮಳಗಳು ಹೆಚ್ಚು ದಿನ ತಾಳುತ್ತವೆ.

ಹಾಗಾದರೆ ಎಲ್ಲಿ ಇಡಬೇಕು? ಮೊದಲು ಎಲ್ಲಿ ಇಡಬಾರದು ನೋಡೋಣ.

ಕಿಟಕಿಯ ಪಕ್ಕದ ಡ್ರೆಸಿಂಗ್ ಟೇಬಲ್ ಬೇಡ. ಬಚ್ಚಲುಮನೆಯ ಕನ್ನಡಿ ಬೀರು ಬೇಡವೇ ಬೇಡ. ದಿನಾ ಬಿಸಿನೀರಿನ ಹಬೆ, ಆಮೇಲೆ ತಣ್ಣಗೆ, ಈ ಏರಿಳಿತ ಸೆಂಟಿಗೆ ಆಗಿಬರುವುದಿಲ್ಲ. ತಾರಸಿಯ ಕಾವು ತಟ್ಟುವ ಅಟ್ಟ, ಫ್ರಿಜ್ಜಿನ ತಲೆ, ಟಿ.ವಿ. ಹಿಂದಿನ ಜಾಗ, ಬಿಸಿಲಲ್ಲಿ ನಿಲ್ಲಿಸಿದ ಕಾರು ಇವೂ ಬೇಡ.

ಮನೆಯ ತಂಪಾದ ಕೋಣೆಯಲ್ಲಿ, ಬಿಸಿಲು ಬೀಳದ ಒಳಗೋಡೆಯ ಬೀರುವಿನ ಕೆಳಗಿನ ಅರೆ ಎಲ್ಲಕ್ಕಿಂತ ಉತ್ತಮ. ಬಾಟಲಿಯ ಜೊತೆ ಬಂದ ರಟ್ಟಿನ ಪೆಟ್ಟಿಗೆಯನ್ನು ಎಸೆಯಬೇಡಿ, ಅದರೊಳಗೇ ನೆಟ್ಟಗೆ ನಿಲ್ಲಿಸಿ. ಪಕ್ಕದಲ್ಲಿ ನುಸಿಗುಳಿಗೆ ಇಡಬೇಡಿ. ನೆಂಟರಿಗೆ ತೋರಿಸುವ ಆಸೆಯಿದ್ದರೆ ಖಾಲಿ ಬಾಟಲಿಯನ್ನು ಶೋಕೇಸಿನಲ್ಲಿಡಿ, ಯಾರು ಬೇಡ ಅಂದರು?

“ಫ್ರಿಜ್ಜಿನಲ್ಲಿ ಇಡಬಹುದೇ?” ಎಂದು ಕೇಳುವವರಿದ್ದಾರೆ. ಕೆಲವು ಕಾಲ ತೆರೆಯದೇ ಇಡುವ ಬಾಟಲಿಯನ್ನು ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಒಳಗಡೆ ಇಡಬಹುದು. ಆದರೆ ದಿನಾ ಹೊರಗೆ ತೆಗೆದು ಮತ್ತೆ ಒಳಗಿಡುವುದಾದರೆ ಬೀರುವೇ ವಾಸಿ.

ಇನ್ನು ಕೆಲವು ಕಿವಿಮಾತು:

1. ಬಳಸಿದ ಕೂಡಲೇ ಮುಚ್ಚಳ ಹಾಕಿ. ತಿರುಪಿನ ಮುಚ್ಚಳ, ಬಿರಡೆಯ ಬಾಟಲಿಗಳಲ್ಲಿ ಇದು ಇನ್ನೂ ಮುಖ್ಯ.

2. ಸುಮ್ಮನೆ ಅಲ್ಲಾಡಿಸಬೇಡಿ. ಒಳಗಿನ ಗಾಳಿಯೊಂದಿಗೆ ಬೆರೆಸಿದಂತಾಗುತ್ತದೆ.

3. ಬಾಟಲಿ ಅರ್ಧಕ್ಕಿಂತ ಕೆಳಗಿಳಿದರೆ ಒಳಗೆ ಗಾಳಿ ಹೆಚ್ಚಾಯಿತೆಂದೇ ಅರ್ಥ. ಆಮೇಲೆ ಬೇಗ ಬಳಸಿ ಮುಗಿಸಿ. ಪ್ಲಾಸ್ಟಿಕ್ ಶೀಸೆಗೆ ಸುರಿದಿಡುವ ಅಭ್ಯಾಸ ಬೇಡ.

4. ಅತ್ತರಿನ ಕಡ್ಡಿಯನ್ನು ಮೈಗೆ ಸವರಿ ಹಾಗೇ ಒಳಗೆ ಅದ್ದಬೇಡಿ. ಬೆವರು, ಕೊಳೆ ಶೀಸೆಗೆ ಸೇರುತ್ತದೆ. ಕಡ್ಡಿಯನ್ನು ಒರೆಸಿ ಇಡಿ.

5. ಬಾಟಲಿ ತೆರೆದ ದಿನವನ್ನು ಚೀಟಿಯಲ್ಲಿ ಬರೆದು ತಳಕ್ಕೆ ಅಂಟಿಸಿ. ಕೆಲವು ಬಾಟಲಿಗಳ ಮೇಲೆ ಮುಚ್ಚಳ ತೆರೆದ ಡಬ್ಬಿಯ ಚಿತ್ರ, ಅದರಲ್ಲಿ 24 ಅಥವಾ 36 ಎಂಬ ಅಂಕಿ ಇರುತ್ತದೆ. ತೆರೆದ ಮೇಲೆ ಅಷ್ಟು ತಿಂಗಳು ಬಳಸಬಹುದು ಎಂದು ಅದರ ಅರ್ಥ.

ಅತ್ತರು ಅಂದಾಗ ನಮ್ಮ ಗಂಧದೆಣ್ಣೆಯನ್ನು ಮರೆಯುವುದುಂಟೇ? ಮೊದಲ ಮಹಾಯುದ್ಧದಲ್ಲಿ ಗಂಧದ ಮರ ಹೊರದೇಶಕ್ಕೆ ಹೋಗುವುದು ನಿಂತಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಮೈಸೂರು ಸಂಸ್ಥಾನ 1916ರಲ್ಲಿ ತಾನೇ ಎಣ್ಣೆ ಬಟ್ಟಿ ಇಳಿಸಲು ಮುಂದಾಯಿತು. ಉತ್ತರ ಪ್ರದೇಶದ ಕನೌಜಿನ ಅತ್ತರಿಗೂ ಪರಂಪರೆಯಿಂದ ಗಂಧದೆಣ್ಣೆಯೇ ಆಧಾರ. ಅದು ತುಟ್ಟಿಯಾದ್ದರಿಂದ ಈಗ ಎಷ್ಟೋ ಕಡೆ ಬೇರೆ ಎಣ್ಣೆ ಬಳಸುತ್ತಾರೆ. ಅಪ್ಪಟ ಗಂಧದೆಣ್ಣೆ ಬಲು ಗಟ್ಟಿ ಜೀವ. ಕಂದು ಬಣ್ಣದ ಪುಟ್ಟ ಗಾಜಿನ ಶೀಸೆಯಲ್ಲಿ ಬಿಗಿಯಾಗಿ ಮುಚ್ಚಿ ಕತ್ತಲಲ್ಲಿಟ್ಟರೆ ವರ್ಷಗಟ್ಟಲೆ ಇರುತ್ತದೆ.

ಕೆಟ್ಟಿದೆಯೋ ಇಲ್ಲವೋ ತಿಳಿಯಲು ಬಿಳಿ ಕಾಗದದ ತುಂಡಿಗೆ ಒಂದು ಹನಿ ಹಾಕಿ, ಹತ್ತು ನಿಮಿಷ ಬಿಟ್ಟು ಮೂಸಿ. ಮೊದಲು ಬರುವುದು ಬರೀ ಆಲ್ಕೋಹಾಲಿನ ಘಾಟು, ಅದನ್ನು ನೋಡಿ ಗಾಬರಿಯಾಗಬೇಡಿ. ಆಮೇಲೂ ಹುಳಿ ಅಥವಾ ಕಮಟು ಇದ್ದರೆ ಕೆಟ್ಟಿದೆ. ಬಣ್ಣ ಮಾತ್ರ ಕಂದಿದ್ದರೆ ಆತುರಪಡಬೇಡಿ. ವೆನಿಲಾ ಸೇರಿದ ಸೆಂಟು ತಾನಾಗಿಯೇ ಕಂದಾಗುತ್ತದೆ. ಕೆಟ್ಟದ್ದನ್ನು ಮೈಗೆ ಹಾಕಬೇಡಿ, ಚರ್ಮ ಕೆಂಪಾಗಿ ತುರಿಕೆ ಬಂದೀತು.

ಇಷ್ಟೆಲ್ಲದರ ಮೇಲೆ, ಮರೆಯಬಾರದ ಮಾತೊಂದಿದೆ. ಸೆಂಟು ಬೆಂಕಿಗೆ ಬಲು ಬೇಗ ಹತ್ತಿಕೊಳ್ಳುತ್ತದೆ. ದೇವರ ದೀಪದ ಮುಂದೆ, ಒಲೆಯ ಬಳಿ ಸಿಂಪಡಿಸಿಕೊಳ್ಳಬೇಡಿ. ಹಾಕಿಕೊಂಡು ನೇರ ಆರತಿ ಎತ್ತಲು ಹೋಗಬೇಡಿ, ಚೆನ್ನಾಗಿ ಆರಲಿ. ಮಕ್ಕಳ ಕೈಗೆ ಎಟುಕದಂತೆ ಬೀರುವಿಗೆ ಬೀಗ ಹಾಕಿ. ಪುಟ್ಟ ಮಗುವಿನ ಹೊಟ್ಟೆಗೆ ಸ್ವಲ್ಪ ಸೆಂಟು ಹೋದರೂ ಅಪಾಯ, ತಡಮಾಡದೆ ಡಾಕ್ಟರ ಹತ್ತಿರ ಓಡಬೇಕು. ರೇಷ್ಮೆ, ಜರಿ, ಮುತ್ತಿನ ಸರದ ಮೇಲೆ ಸಿಂಪಡಿಸಿದರೆ ಕಲೆಯಾಗಿ ಹೊಳಪು ಹೋಗುತ್ತದೆ. ಮೊದಲು ಸೆಂಟು, ಅದು ಆರಿದ ಮೇಲೆ ಸೀರೆ, ಒಡವೆ.

ಎಷ್ಟೇ ಜೋಪಾನ ಮಾಡಿದರೂ ಸೆಂಟು ಚಿನ್ನವಲ್ಲ, ಮೊಮ್ಮಕ್ಕಳ ಕಾಲಕ್ಕೆ ಎತ್ತಿಡಲು. ಸಂಕ್ರಾಂತಿಗೆ ಎಳ್ಳು ಬೀರಲು ಹೋಗುವಾಗ, ಶುಕ್ರವಾರ ಸಂಜೆ ಒಂದು ಒಳ್ಳೆಯ ಸೀರೆ ಉಟ್ಟಾಗ ಒಂದೆರಡು ಹನಿ ಹಾಕಿಕೊಳ್ಳಿ. ಕೊಟ್ಟವರಿಗೂ ಅದೇ ಸಂತೋಷ.