ಹುಲಿಗಳ ಹಾಜರಿ ಪುಸ್ತಕ

ಕಾಡಿನಲ್ಲಿ ಎಷ್ಟು ಹುಲಿಗಳಿವೆ ಎಂದು ತಿಳಿಯಲು ಅರಣ್ಯ ಇಲಾಖೆಯವರು ದಶಕಗಳ ಕಾಲ ಹೆಜ್ಜೆಗುರುತು ಎಣಿಸುತ್ತಿದ್ದರು. ಒಂದೇ ಕಾಲು ಧೂಳಿನಲ್ಲಿ ಒಂದು ಬಗೆಯಾಗಿ, ಕೆಸರಿನಲ್ಲಿ ಇನ್ನೊಂದು ಬಗೆಯಾಗಿ ಮೂಡುತ್ತದೆ. ಲೆಕ್ಕ ತಪ್ಪದೆ ಇದ್ದೀತೇ? ರಾಜಸ್ಥಾನದ ಸರಿಸ್ಕಾದಲ್ಲಿ ಕಳ್ಳಬೇಟೆಯಿಂದಾಗಿ ಒಂದು ಹುಲಿಯೂ ಉಳಿದಿಲ್ಲವೆಂಬ ಸುದ್ದಿ 2005ರಲ್ಲಿ ಬಯಲಾದಾಗ, ಕಾಗದದ ಮೇಲಿನ ಹುಲಿಗಳು ಮಾತ್ರ ಕ್ಷೇಮವಾಗಿದ್ದವು!

ನಾಗರಹೊಳೆಯಲ್ಲಿ ಉಲ್ಲಾಸ ಕಾರಂತ ಮತ್ತು ಸಂಗಡಿಗರು ಹಿಡಿದ ದಾರಿ ಬೇರೆ. ಹುಲಿಯ ಪಟ್ಟೆಗಳು ಮನುಷ್ಯರ ಬೆರಳಚ್ಚಿನ ಹಾಗೆ. ಒಂದರದು ಇನ್ನೊಂದಕ್ಕೆ ಹೊಂದುವುದಿಲ್ಲ. ಅದೇ ಹುಲಿಯ ಎಡಮಗ್ಗುಲಿನ ಪಟ್ಟೆ ಬಲಮಗ್ಗುಲಿನಲ್ಲಿರುವುದಿಲ್ಲ. ಆದ್ದರಿಂದ ಕಾಡುದಾರಿಯ ಇಕ್ಕೆಲಗಳಲ್ಲೂ ಒಂದೊಂದು ಕ್ಯಾಮೆರಾ. ನಡುವೆ ಹುಲಿ ಹಾಯ್ದರೆ ಚಿತ್ರ ತಾನಾಗಿ ಮೂಡುತ್ತದೆ.

ಎಲ್ಲ ಹುಲಿಗಳೂ ಕ್ಯಾಮೆರಾದ ಮುಂದೆ ಬರುವುದಿಲ್ಲವಲ್ಲ? ಅದಕ್ಕೊಂದು ಗಣಿತವಿದೆ. ಕೆರೆಯಲ್ಲಿ 50 ಮೀನು ಹಿಡಿದು, ಗುರುತು ಮಾಡಿ ಬಿಡಿ. ಮತ್ತೆ 50 ಹಿಡಿದಾಗ ಹತ್ತರಲ್ಲಿ ಗುರುತಿದ್ದರೆ, ಹಿಡಿದದ್ದರಲ್ಲಿ ಐದನೇ ಒಂದು ಪಾಲು ಹಳೆಯವು ಎಂದಾಯಿತು. ಕೆರೆಯಲ್ಲಿ ಸುಮಾರು 250 ಮೀನುಗಳಿರಬೇಕು. ಹುಲಿಗೆ ಗುರುತು ಹಾಕುವ ಕಷ್ಟವಿಲ್ಲ, ಹುಟ್ಟುವಾಗಲೇ ಹೊತ್ತು ತಂದಿರುತ್ತದೆ.

1991ರಿಂದ 2000ದವರೆಗೆ ಹೀಗೆ 74 ಬೇರೆ ಬೇರೆ ಹುಲಿಗಳ ಗುರುತು ಸಿಕ್ಕಿತು. ಅಚ್ಚರಿಯ ಸಂಗತಿ ಹೊರಬಿದ್ದದ್ದು ಆ ಎಲ್ಲ ವರ್ಷಗಳ ಚಿತ್ರಗಳನ್ನು ಒಟ್ಟಿಗೆ ಹೋಲಿಸಿದಾಗ. ಒಂದು ವರ್ಷ ಇದ್ದ ನೂರರಲ್ಲಿ ಮರುವರ್ಷಕ್ಕೆ ಉಳಿಯುತ್ತಿದ್ದುದು ಸರಾಸರಿ 77 ಎಂಬ ಪ್ರಮಾಣ! ಉಳಿದವು ಸತ್ತಿರಬಹುದು, ನೆಲೆ ಸಿಗದೆ ಬೇರೆಡೆಗೆ ಹೋಗಿರಬಹುದು. ಆದರೂ ಒಟ್ಟು ಸಂಖ್ಯೆ ಕುಸಿಯಲಿಲ್ಲ, ವರ್ಷಕ್ಕೆ ಸುಮಾರು ಶೇಕಡಾ 3ರಂತೆ ಏರಿತು. ಶಾಲೆಯಿಂದ ಪ್ರತಿವರ್ಷ ಒಂದು ತಂಡ ಹೊರಬಿದ್ದರೂ ಹಾಜರಿ ಪುಸ್ತಕ ತುಂಬಿಯೇ ಇರುತ್ತದಲ್ಲ, ಹಾಗೆ. ಜಿಂಕೆ, ಕಡವೆ, ಕಾಟಿ ಹೇರಳವಾಗಿದ್ದ ಕಾಡಿನಲ್ಲಿ ಮರಿಗಳು ಹುಟ್ಟಿ ಬೆಳೆದು ಖಾಲಿ ಜಾಗ ತುಂಬುತ್ತಿದ್ದವು.

ಒಂದೇ ವರ್ಷ ಎಣಿಸಿದ್ದರೆ? ಈ ಅವಧಿಯಲ್ಲೇ ನೂರು ಚದರ ಕಿಲೋಮೀಟರಿಗೆ ಹುಲಿಗಳ ಅಂದಾಜು 7.3ರಿಂದ 21.7ರವರೆಗೆ ಏರಿಳಿದಿತ್ತು. ಕಡಿಮೆಯಿದ್ದ ವರ್ಷ ಬಂದವರು ಗಾಬರಿಯಾಗುತ್ತಿದ್ದರು, ಹೆಚ್ಚಿದ್ದ ವರ್ಷ ಬಂದವರು ನಿಶ್ಚಿಂತೆಯಿಂದ ಮಲಗುತ್ತಿದ್ದರು. ಸಂಶೋಧನೆಗೆ ಹಣ ಸಾಮಾನ್ಯವಾಗಿ ಮಂಜೂರಾಗುವುದು ಮೂರೋ ಐದೋ ವರ್ಷಕ್ಕೆ. ತಾಯಿಹುಲಿ ಒಂದು ಸೂಲಿನ ಮರಿಗಳನ್ನು ಸಾಕಿ ದೂರಮಾಡಲಿಕ್ಕೇ ಎರಡು ವರ್ಷ ಬೇಕು.

ಮಗ ಕಾಡು ಸುತ್ತುತ್ತೇನೆಂದರೆ ಹೌಹಾರುವ ಪೋಷಕರಿಗೊಂದು ಮಾತು: ಕಾರಂತರು ಮೊದಲು ಓದಿದ್ದು ಸುರತ್ಕಲ್ಲಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್. ಗಣಿತ ಅಲ್ಲಿಯೂ ಬೇಕು, ಹುಲಿಯ ಲೆಕ್ಕಕ್ಕೂ ಬೇಕು.