ನಂಟು ಕಡಿಯುವ ಮುನ್ನ ಕರಾರು ಬೇಕು

ಯಲ್ಲಾಪುರದಿಂದ ಹುಬ್ಬಳ್ಳಿ ರಸ್ತೆ ಹಿಡಿದರೆ ಸಿಗುವ ಕಿರವತ್ತಿಗೆ ವಿಶ್ವವಿದ್ಯಾಲಯಗಳೇನೂ ದೂರವಲ್ಲ. ಕಲಘಟಗಿ ದಾಟಿ ಧಾರವಾಡಕ್ಕೆ ಹೋದರೆ ಕರ್ನಾಟಕ ವಿಶ್ವವಿದ್ಯಾಲಯ, ಕೃಷಿ ವಿಶ್ವವಿದ್ಯಾಲಯ, 2016ರಲ್ಲಿ ಶುರುವಾದ ಐಐಟಿ ಇವೆ. ಇತ್ತ ಶಿರಸಿಯಲ್ಲಿ ಅರಣ್ಯ ಮಹಾವಿದ್ಯಾಲಯವಿದೆ. ಹೀಗಿದ್ದೂ ಇಲ್ಲಿಯ ಸರ್ಕಾರಿ ಶಾಲೆಯ ಮಾಸ್ತರರಿಗೋ ಅಕ್ಕೋರಿಗೋ ವಿಜ್ಞಾನದ ಪಾಠದಲ್ಲಿ ತೊಡಕು ಬಂದರೆ, ಫೋನು ಮಾಡಿ ಕೇಳಲು ಗುರುತಿನ ವಿಜ್ಞಾನಿಯೊಬ್ಬರು ಇರುವುದು ಅಪರೂಪ. ಅಲ್ಲಲ್ಲಿ ಉಳಿದಿರುವ ಇಂಥ ನಂಟೂ ಕೆಲವೇ ವರ್ಷಗಳಲ್ಲಿ ಕಡಿದುಹೋಗುವ ಲಕ್ಷಣಗಳು ಕಾಣುತ್ತಿವೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಪಾಲಕರೂ ಶಿಕ್ಷಣ ಇಲಾಖೆಯೂ ಈಗಲೇ ಎಚ್ಚೆತ್ತುಕೊಳ್ಳಬೇಕು.

ಮೊದಲ ಲಕ್ಷಣ, ಅತಿಥಿ ಶಿಕ್ಷಕರ ಮೇಲಿನ ಅವಲಂಬನೆ. ಅವರ ನೇಮಕ ಒಂದು ಶೈಕ್ಷಣಿಕ ವರ್ಷದ್ದು. ಭಾರತೀಯ ವಿಜ್ಞಾನ ಸಂಸ್ಥೆ ಚಳ್ಳಕೆರೆ ಬಳಿಯ ತನ್ನ ಆವರಣದಲ್ಲಿ ಶಿಕ್ಷಕರಿಗೆ ಪ್ರಯೋಗಗಳ ಒಳ್ಳೆಯ ತರಬೇತಿ ಕೊಡುತ್ತದೆ. ಆದರೆ ಕಲಿತವರು ಮುಂದಿನ ಜೂನ್‌ನಲ್ಲಿ ಅದೇ ಶಾಲೆಯಲ್ಲಿ ಇರದಿದ್ದರೆ ಆ ಕಲಿಕೆ ಮಕ್ಕಳಿಗೆ ಮುಟ್ಟುವುದಿಲ್ಲ. ಎರಡನೆಯದು, ದೊಡ್ಡ ಯೋಜನೆಗಳು ಅನುಕೂಲಸ್ಥ ಶಾಲೆಗಳನ್ನೇ ಮೊದಲು ಹುಡುಕುವುದು. 2017ರಲ್ಲಿ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಪರಿಷತ್ತು (ಸಿಎಸ್‌ಐಆರ್) ಆರಂಭಿಸಿದ ‘ಜಿಜ್ಞಾಸಾ’ ಆ ಪರಿಷತ್ತಿನ ಪ್ರಯೋಗಾಲಯಗಳನ್ನು ಜೋಡಿಸಹೊರಟಿದ್ದು 1151 ಕೇಂದ್ರೀಯ ವಿದ್ಯಾಲಯಗಳಿಗೆ. ಸಿದ್ದಿ, ಗೌಳಿ ಸಮುದಾಯಗಳ ಮಕ್ಕಳು ಓದುವ ಹಳ್ಳಿಯ ಸರ್ಕಾರಿ ಶಾಲೆಗಳು ಆ ಪಟ್ಟಿಯಲ್ಲಿರಲಿಲ್ಲ. ಮೂರನೆಯದು ಎಲ್ಲಕ್ಕಿಂತ ಆಳದ್ದು. ಇರುವ ಸಂಬಂಧಗಳೆಲ್ಲ ಒಬ್ಬಿಬ್ಬರ ಆಸಕ್ತಿಯ ಮೇಲೆ ನಿಂತಿವೆ. ಅವರಿಗೆ ವರ್ಗವಾದರೆ, ನಿವೃತ್ತಿಯಾದರೆ, ಸಂಶೋಧನಾ ಯೋಜನೆ ಮುಗಿದರೆ ಎಲ್ಲವೂ ಅಲ್ಲಿಗೇ ನಿಲ್ಲುತ್ತದೆ.

ಇದರಿಂದ ಶಾಲೆಗಷ್ಟೇ ನಷ್ಟವೆಂದುಕೊಳ್ಳಬಾರದು. 2024ರಲ್ಲಿ ಸಿದ್ದಾಪುರ ತಾಲ್ಲೂಕಿನಲ್ಲಿ ಮಂಗನ ಕಾಯಿಲೆ ಜೀವಗಳನ್ನು ಬಲಿ ತೆಗೆದುಕೊಂಡಿತು. ಅದನ್ನು ಹರಡುವ ಉಣುಗು ಯಾವ ತಿಂಗಳಲ್ಲಿ ಹೆಚ್ಚುತ್ತದೆ, ಕಾಡಿಗೆ ಹೋಗುವವರು ಏನು ಮಾಡಬೇಕು ಎಂಬುದನ್ನು ಮನೆಮನೆಗೆ ಮುಟ್ಟಿಸಲು ಶಾಲೆಗಿಂತ ಹತ್ತಿರದ ದಾರಿ ಯಾವುದಿದೆ? 2021ರ ಜುಲೈನಲ್ಲಿ ಯಲ್ಲಾಪುರದ ಕಳಚೆಯಲ್ಲಿ ಗುಡ್ಡ ಕುಸಿಯಿತು. ಪ್ರತಿ ಶಾಲೆಯ ಅಂಗಳದಲ್ಲೂ ಮಳೆಮಾಪಕವಿದ್ದು, ಮಕ್ಕಳು ದಿನವೂ ಬರೆದಿಟ್ಟ ಲೆಕ್ಕವನ್ನು ಭೂವಿಜ್ಞಾನಿಯೊಬ್ಬರು ನೋಡುತ್ತಿದ್ದರೆ ಅದು ಪಾಠವೂ ಹೌದು, ಊರಿಗೆ ಮುನ್ಸೂಚನೆಯೂ ಹೌದು. ಸಿದ್ದಾಪುರದ ಕತ್ತಲೆಕಾನಿನ ಜೌಗಿನಲ್ಲಿ ಕಂಡ ಹೊಸ ಮರವೊಂದನ್ನು 2000ದಲ್ಲಿ ಸಂಶೋಧಕರಾದ ದಾಸಪ್ಪ ಮತ್ತು ಸ್ವಾಮಿನಾಥ್ ಜಗತ್ತಿಗೆ ಪರಿಚಯಿಸಿದರು. ಅದರ ವೈಜ್ಞಾನಿಕ ಹೆಸರಿನಲ್ಲೇ ಕತ್ತಲೆಕಾನು ಇದೆ. ತಮ್ಮ ತಾಲ್ಲೂಕಿನ ಈ ಮರದ ಕಥೆ ಇಲ್ಲಿಯ ಪ್ರತಿ ಮಗುವಿಗೂ ಗೊತ್ತಿರಬೇಕು.

ಈ ಜಿಲ್ಲೆಗೆ ಸಹಭಾಗಿತ್ವ ಹೊಸದಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳರು ಉತ್ತರ ಕನ್ನಡದ ಕಾನು, ದೇವರಕಾಡುಗಳನ್ನು ಅಧ್ಯಯನ ಮಾಡಿದಾಗ ಜತೆಯಾದವರು ಕುಮಟಾದ ಕಾಲೇಜು ಅಧ್ಯಾಪಕ ಎಂ.ಡಿ. ಸುಭಾಷ್ ಚಂದ್ರನ್. ಅವರು ಮಾಹಿತಿ ಒದಗಿಸುವ ಸಹಾಯಕರಾಗಿ ಉಳಿಯಲಿಲ್ಲ, ಸಹಲೇಖಕರಾದರು. ಪ್ರಾಥಮಿಕ, ಪ್ರೌಢಶಾಲೆಯ ಶಿಕ್ಷಕರಿಗೂ ಆ ಗೌರವ ಸಿಗಬೇಕು. ಬೆಂಗಳೂರಿನಲ್ಲಿ ನೆಲೆಯಿರುವ ‘ಸೀಸನ್‌ವಾಚ್’ ಯೋಜನೆಗೆ ಮರಗಳ ಚಿಗುರು, ಹೂವು, ಕಾಯಿಯ ದಾಖಲೆ ಹೆಚ್ಚಾಗಿ ಬರುತ್ತಿರುವುದು ಕೇರಳದ ಶಾಲಾಮಕ್ಕಳಿಂದ. ಕಾಡಿನ ನಡುವೆಯೇ ಇರುವ ನಮ್ಮ ಶಾಲೆಗಳಿಗೆ ಇದು ಅಸಾಧ್ಯವೇನಲ್ಲ.

ಒಳ್ಳೆಯ ಕೆಲಸ ತಾನಾಗಿ ಉಳಿಯುತ್ತದೆಂಬ ಭ್ರಮೆ ಮಾತ್ರ ಬೇಡ. ಮಧ್ಯಪ್ರದೇಶದ ಹೋಶಂಗಾಬಾದಿನಲ್ಲಿ 1972ರಲ್ಲಿ 16 ಶಾಲೆಗಳಿಂದ ಒಂದು ಪ್ರಯೋಗ ಆರಂಭವಾಯಿತು. ದೆಹಲಿ ವಿಶ್ವವಿದ್ಯಾಲಯ ಮತ್ತು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಹಳ್ಳಿಯ ಶಿಕ್ಷಕರ ಜೊತೆ ಕೂತು ಪಠ್ಯ ಕಟ್ಟಿದರು. ಮಕ್ಕಳು ಕೈಯಾರೆ ಪ್ರಯೋಗ ಮಾಡಿ ಕಲಿತರು. ಪರೀಕ್ಷೆಯಲ್ಲಿ ಪುಸ್ತಕ ತೆರೆದಿಡಲು ಅವಕಾಶವಿತ್ತು. ಶಿಕ್ಷಕರು ತಿಂಗಳಿಗೊಮ್ಮೆ ಸೇರಿ ತಮ್ಮ ತೊಡಕುಗಳನ್ನು ಚರ್ಚಿಸುತ್ತಿದ್ದರು. 1978ರ ಹೊತ್ತಿಗೆ ಅದು ಇಡೀ ಜಿಲ್ಲೆಗೆ ಹಬ್ಬಿತು. ಮೂವತ್ತು ವರ್ಷ ಬೆಳೆದ ಆ ಕೆಲಸ 2002ರಲ್ಲಿ ರಾಜ್ಯ ಸರ್ಕಾರದ ಒಂದು ತೀರ್ಮಾನಕ್ಕೆ ನಿಂತುಹೋಯಿತು. ಅಷ್ಟು ಗಟ್ಟಿಯಾದದ್ದೇ ಉಳಿಯದಿದ್ದರೆ, ಬರಿಯ ಸ್ನೇಹ, ಸೌಜನ್ಯದ ಮೇಲೆ ನಡೆಯುವುದು ಎಷ್ಟು ದಿನ ಬಾಳೀತು?

ದಾರಿ ಇದೆ. ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ 2022ರ ಮಾರ್ಗಸೂಚಿ, ವಿಜ್ಞಾನಿಗಳು ವರ್ಷಕ್ಕೆ ಕನಿಷ್ಠ 10 ದಿನ ಸಮಾಜಕ್ಕಾಗಿ ದುಡಿಯಬೇಕೆನ್ನುತ್ತದೆ. ಆ ದಿನಗಳನ್ನು ಕಿರವತ್ತಿಯಂಥ ಊರುಗಳಿಗೆ ಕೇಳಿ ಪಡೆಯಬೇಕಾದವರು ನಾವು. ಶಿರಸಿ ಶೈಕ್ಷಣಿಕ ಜಿಲ್ಲೆಯ ಉಪನಿರ್ದೇಶಕರ ಕಚೇರಿ, ಅರಣ್ಯ ಮಹಾವಿದ್ಯಾಲಯ ಮತ್ತು ಧಾರವಾಡದ ವಿಶ್ವವಿದ್ಯಾಲಯಗಳು ಐದು ವರ್ಷಕ್ಕೆ ಲಿಖಿತ ಕರಾರು ಮಾಡಿಕೊಳ್ಳಲಿ. ಪ್ರತಿ ಕ್ಲಸ್ಟರಿಗೆ ಒಬ್ಬ ವಿಜ್ಞಾನಿಯ ಹೆಸರು ನಿಗದಿಯಾಗಲಿ. ತಿಂಗಳಿಗೊಂದು ಸಭೆ ಶಿಕ್ಷಕರ ಕೆಲಸದ ವೇಳೆಯಲ್ಲೇ ನಡೆಯಲಿ; ಭಾನುವಾರದ ಹೆಚ್ಚುವರಿ ಹೊರೆಯಾಗದಿರಲಿ. ಅತಿಥಿ ಶಿಕ್ಷಕರನ್ನೂ ಸೇರಿಸಿಕೊಳ್ಳಲಿ. ಮಳೆ, ಮರ, ಕೀಟಗಳ ದಾಖಲೆ ಪುಸ್ತಕ ಶಾಲೆಯ ಆಸ್ತಿಯಾಗಿರಲಿ; ಆಗ ಹೊಸದಾಗಿ ಬಂದವರು ಹಿಂದಿನವರು ಬಿಟ್ಟಲ್ಲಿಂದ ಮುಂದುವರಿಸಬಹುದು. ಏನನ್ನು ಅಧ್ಯಯನ ಮಾಡಬೇಕೆಂಬ ಪ್ರಶ್ನೆಯನ್ನು ಶಿಕ್ಷಕರೂ ಮಕ್ಕಳೂ ಎತ್ತಲಿ, ಫಲಿತಾಂಶ ಕನ್ನಡದಲ್ಲಿ ಊರಿಗೆ ಮರಳಲಿ.

ಇದಕ್ಕೆ ಹೊಸ ಕಟ್ಟಡ ಬೇಡ, ದೊಡ್ಡ ಅನುದಾನವೂ ಬೇಡ. ಬೇಕಾದದ್ದು ಈ ಸಂಸ್ಥೆಗಳ ಸಹಿ ಮತ್ತು ಅದನ್ನು ವರ್ಷವರ್ಷ ಕೇಳಿ ವಿಚಾರಿಸುವ ಶಾಲಾಭಿವೃದ್ಧಿ ಸಮಿತಿಗಳು. ಮುಂದಿನ ಮಳೆಗಾಲಕ್ಕೆ ಶಾಲೆ ಬಾಗಿಲು ತೆರೆಯುವ ಮುನ್ನ ಆ ಸಹಿ ಬೀಳಬೇಕು. ತಡಮಾಡಿದರೆ, ನಂಟು ಇತ್ತೆಂದು ಹೇಳಬಲ್ಲ ಶಿಕ್ಷಕರೂ ನಮ್ಮ ನಡುವೆ ಇರಲಾರರು.