ಹಳೆಯ ಟಯರಿನ ಸಾಕ್ಷ್ಯ

ಕಾರಿಗೆ ಹೊಸ ಟಯರು ಹಾಕಿಸಿದಾಗಲೆಲ್ಲ ವೀಲ್ ಅಲೈನ್‌ಮೆಂಟನ್ನು, ಎಂದರೆ ಚಕ್ರಗಳು ನಿಂತಿರುವ ಕೋನಗಳನ್ನು, ಪರೀಕ್ಷಿಸಲೇಬೇಕೆಂದು ಕೆಲವರು ಹೇಳುತ್ತಾರೆ. ಅದು ವ್ಯರ್ಥವೆಚ್ಚವೆಂದು ಮತ್ತೆ ಕೆಲವರು ವಾದಿಸುತ್ತಾರೆ. ಇಬ್ಬರೂ ಮುಖ್ಯ ಸಾಕ್ಷಿಯನ್ನು ವಿಚಾರಿಸದೆಯೇ ತೀರ್ಪು ಕೊಡುತ್ತಿದ್ದಾರೆ. ಆ ಸಾಕ್ಷಿಯೇ ಹಳೆಯ ಟಯರು.

ಟಯರು ಬದಲಾಯಿಸಿದ ಮಾತ್ರಕ್ಕೆ ಕೋನಗಳು ಕೆಡುವುದಿಲ್ಲ. ಅವುಗಳನ್ನು ಕೆಡಿಸುವುವು ರಸ್ತೆಯ ಗುಂಡಿಗಳು ಮತ್ತು ಸವೆದ ಕೀಲುಗಳು. ಆದರೆ ಕೆಟ್ಟ ಕೋನವನ್ನು ಅಲಕ್ಷಿಸುವಂತಿಲ್ಲ. ಚಕ್ರವೊಂದು ಸಾಗುವ ದಿಕ್ಕಿನಿಂದ ಅರ್ಧ ಡಿಗ್ರಿ ಓರೆಯಾಗಿದೆಯೆಂದು ಭಾವಿಸೋಣ. ಈ ಕೋನದ ಸೈನ್ ಬೆಲೆ ಸುಮಾರು 0.0087. ಆದುದರಿಂದ ಪ್ರತಿ ಕಿಲೋಮೀಟರಿಗೂ ಟಯರು 8.7 ಮೀಟರಿನಷ್ಟು ಅಡ್ಡಲಾಗಿ ಎಳೆಯಲ್ಪಡುತ್ತದೆ. 10,000 ಕಿಲೋಮೀಟರಿಗೆ ಇದು 87 ಕಿಲೋಮೀಟರು! ಇದರಲ್ಲಿ ಬಹುಪಾಲನ್ನು ರಬ್ಬರು ಬಾಗಿ ತಾಳಿಕೊಂಡರೂ ಉಳಿದುದು ಟಯರನ್ನು ಸವೆಸುತ್ತದೆ.

ಹಳೆಯ ಟಯರನ್ನು ಎಸೆಯುವ ಮುನ್ನ ಪರೀಕ್ಷಿಸಿ ನೋಡಿರಿ. ಎರಡು ಅಂಚುಗಳೂ ಸವೆದಿದ್ದರೆ ಗಾಳಿ ಕಡಮೆಯಾಗಿತ್ತು. ನಡುಭಾಗ ಸವೆದಿದ್ದರೆ ಹೆಚ್ಚಾಗಿತ್ತು. ಒಂದೇ ಅಂಚು ಸವೆದಿದ್ದರೆ, ಅಥವಾ ಅಡ್ಡಲಾಗಿ ಕೈಯಾಡಿಸಿದಾಗ ಒಂದು ದಿಕ್ಕಿಗೆ ನುಣುಪಾಗಿಯೂ ಮತ್ತೊಂದು ದಿಕ್ಕಿಗೆ ಗರಗಸದಂತೆಯೂ ತೋರಿದರೆ, ಕೋನವನ್ನೇ ಶಂಕಿಸಬೇಕು. ಆಗ ಪರೀಕ್ಷೆ ಮಾಡಿಸದೆ ಹೊಸ ಟಯರು ತೊಡಿಸುವುದು ತೂತು ಕೊಡಕ್ಕೆ ನೀರು ತುಂಬಿದಂತೆ.

ಸವೆತ ಎಲ್ಲೆಡೆಯೂ ಸಮನಾಗಿದ್ದು, ಕಾರು ಸಮತಟ್ಟಾದ ರಸ್ತೆಯಲ್ಲಿ ಯಾವ ಪಕ್ಕಕ್ಕೂ ಎಳೆಯದಿದ್ದರೆ ಅವಸರವಿಲ್ಲ. ಸಂದೇಹವುಳಿದರೆ ಮಾತ್ರ ಪರೀಕ್ಷಿಸುವುದೇ ಲೇಸು. ಅದರ ವೆಚ್ಚ ಒಂದು ಟಯರಿನ ಬೆಲೆಗಿಂತ ಎಷ್ಟೋ ಕಡಮೆ. ರೂಢಿಯನ್ನು ಕೇಳುವ ಮೊದಲು ವಸ್ತುವನ್ನು ಕೇಳುವುದೇ ವಿಜ್ಞಾನದ ಮಾರ್ಗವಲ್ಲವೆ?